ಮಾಲ್ಗುಡಿಯ ಮಂದಿ ಆಮೇಲೆ ಏನಾದರು?

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಎಂಟು ವರ್ಷದ ಮೊಮ್ಮಗಳು ನಮ್ಮಲ್ಲಿಗೆ ಬಂದಿದ್ದಳು. ಒಂದು ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿದುದರಿಂದ ಹೊರಗೆ ಆಡಲು ಹೋಗುವಂತಿರಲಿಲ್ಲ. ಆಗ ಅವಳ ತಂದೆಯು ತನ್ನ ಫೋನಿನ ಪುಟ್ಟ ಪರದೆಯ ಮೇಲೆ ಹಳೆಯದೊಂದು ನಾಟಕಮಾಲೆಯನ್ನು ಅವಳಿಗೆ ತೋರಿಸುತ್ತ ಕುಳಿತನು. ಪಕ್ಕದ ಕೋಣೆಯಲ್ಲಿ ಏನನ್ನೋ ಓದುತ್ತಿದ್ದ ನಮ್ಮ ಕಿವಿಗೆ ಅದರ ಮೊದಲ ರಾಗದ ಎರಡು ಸೊಲ್ಲು ಬಿದ್ದುವು. ಪುಸ್ತಕವು ತಾನಾಗಿ ಮುಚ್ಚಿತು. ನಾವೂ ಎದ್ದು ಹೋಗಿ ಮಗುವಿನ ಬೆನ್ನ ಹಿಂದೆ ನಿಂತೆವು.

ಕಥೆ ಮುಗಿದ ಮೇಲೆ ಅವಳು ನಮ್ಮ ಕಡೆಗೆ ತಿರುಗಿ, “ತಾತ, ಈ ಸ್ವಾಮಿ ಈಗಲೂ ಸ್ಕೂಲಿಗೆ ಹೋಗ್ತಾನಾ?” ಎಂದು ಕೇಳಿದಳು.

ನಾವು ನಕ್ಕೆವು. ಆದರೆ ಮಗುವಿನ ಪ್ರಶ್ನೆಯು ನಗುವಿಗೆ ಮುಗಿಯತಕ್ಕದ್ದಾಗಿರಲಿಲ್ಲ. ಯಾರನ್ನು ನಾವು ಒಂದು ಕಾಲದಲ್ಲಿ ನಮ್ಮ ಮನೆಯವರೆಂಬಂತೆ ವಾರವಾರವೂ ಕಾದು ನೋಡಿದೆವೋ, ಅವರೆಲ್ಲರೂ ಆಮೇಲೆ ಏನಾದರು? ಈ ವೃತ್ತಾಂತವು ನಮ್ಮ ವಯಸ್ಸಿನ ವಾಚಕರಿಗೂ ರುಚಿಸಬಹುದೆಂದು ಭಾವಿಸಿ, ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತಿರುವೆವು.

ಆ ನಾಟಕಮಾಲೆಯು ‘ಮಾಲ್ಗುಡಿ ಡೇಸ್’ ಎಂಬುದನ್ನು ವಾಚಕರು ಈಗಾಗಲೇ ಊಹಿಸಿರಬೇಕು. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರು ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು ಆಧರಿಸಿ ಶಂಕರನಾಗರು ಇದನ್ನು ನಿರ್ದೇಶಿಸಿದರು; ಟಿ. ಎಸ್. ನರಸಿಂಹನ್ ಎಂಬವರು ನಿರ್ಮಾಪಕರು. ೧೯೮೬ನೆಯ ಇಸವಿಯಲ್ಲಿ ಇದು ದೂರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಶಂಕರನಾಗರು ನಿರ್ದೇಶಿಸಿದ ಕಂತುಗಳು ಮೂವತ್ತೊಂಬತ್ತು. ನಾರಾಯಣರು ಕಲ್ಪನೆಯಿಂದ ಕಟ್ಟಿದ ಊರಿಗೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯು ಮಣ್ಣನ್ನೂ ಮನೆಗಳನ್ನೂ ಒದಗಿಸಿತು. ಸರಯೂ ನದಿಯ ದಡದ ಊರು ಹೀಗೆ ಮಲೆನಾಡಿನ ಮಳೆಯಲ್ಲಿ ತೊಯ್ದು ನಿಂತಿತು.

ಆ ವರ್ಷ ನಾವು ಮೈಸೂರಿನಲ್ಲಿ ಸಂಸ್ಕೃತ ವಿದ್ಯಾರ್ಥಿಯಾಗಿದ್ದೆವು. ವಠಾರದಲ್ಲಿ ಒಂದೇ ಮನೆಯಲ್ಲಿ ದೂರದರ್ಶನದ ಪೆಟ್ಟಿಗೆ, ಅದೂ ಕಪ್ಪುಬಿಳುಪಿನದು. ಮಕ್ಕಳು ಚಾಪೆಯ ಮೇಲೆ, ಹೆಂಗಸರು ಗೋಡೆಗೆ ಒರಗಿ, ನಮ್ಮಂತಹ ಹುಡುಗರು ಕಿಟಕಿಯ ಸರಳು ಹಿಡಿದು, ಹೀಗೆ ಎಲ್ಲರೂ ನೆರೆಯುತ್ತಿದ್ದೆವು. ಮಾತು ಹಿಂದಿಯಲ್ಲಿದ್ದಿತು. ವಠಾರದ ಅಜ್ಜಿಯರಿಗೆ ಆ ಭಾಷೆಯ ಗಂಧವಿರಲಿಲ್ಲ. ನಮಗೂ ಪರೀಕ್ಷೆಯ ಮಟ್ಟಿಗಿನ ಹಿಂದಿಯೇ ಹೊರತು ಹೆಚ್ಚಿಲ್ಲ. ಆದರೂ ಒಬ್ಬರಿಗೂ ಕಥೆ ತಪ್ಪಿಹೋಗಲಿಲ್ಲ. ಮುಖಗಳು ನಮ್ಮವು, ಜಗಲಿ ನಮ್ಮದು, ಅಡುಗೆಮನೆಯ ಹೊಗೆಯೂ ನಮ್ಮದೇ. ರಸಕ್ಕೆ ಭಾಷೆಯು ವಾಹನವೇ ಹೊರತು ನೆಲೆಯಲ್ಲವೆಂದು ನಮ್ಮ ಗುರುಗಳು ಪಾಠದಲ್ಲಿ ಹೇಳುತ್ತಿದ್ದುದು, ಆ ಕಿಟಕಿಯ ಬಳಿ ನಿಂತಾಗ ನಮಗೆ ಅರ್ಥವಾಯಿತು.

ಮೊದಲು ಸ್ವಾಮಿಯ ಮಾತು. ಆ ಪಾತ್ರವನ್ನು ಧರಿಸಿದ ಬಾಲಕನು ಮಾಸ್ಟರ್ ಮಂಜುನಾಥ. ಕಲಿಸಿಕೊಟ್ಟ ಚೇಷ್ಟೆಯನ್ನು ಒಪ್ಪಿಸುವ ಬಾಲನಟರನ್ನು ನಾವು ಬಹಳ ಮಂದಿಯನ್ನು ಕಂಡಿರುವೆವು. ಈ ಹುಡುಗನಾದರೋ ಲೆಕ್ಕ ಬಾರದಿದ್ದಾಗ ನಿಜವಾಗಿಯೂ ಲೆಕ್ಕ ಬಾರದವನಂತೆಯೇ ಕಣ್ಣು ಬಿಡುತ್ತಿದ್ದನು. ತೀರ ಎಳವೆಯಲ್ಲಿಯೇ ನಟನೆಗೆ ಇಳಿದಿದ್ದ ಈತನು ಮುಂದೆ ಕೆಲವು ವರ್ಷ ಹತ್ತಾರು ಚಿತ್ರಗಳಲ್ಲಿ ಕಾಣಿಸಿಕೊಂಡನು. ೧೯೯೦ರಲ್ಲಿ ಬಂದ ‘ಅಗ್ನಿಪಥ್’ ಎಂಬ ಹಿಂದಿ ಚಿತ್ರದಲ್ಲಿ ಅಮಿತಾಭ್ ಬಚ್ಚನರ ಪಾತ್ರದ ಬಾಲ್ಯವನ್ನು ನಟಿಸಿದವನೂ ಈತನೇ. ಆಗುಂಬೆಯ ಜಗಲಿಯ ಮೇಲೆ ಪಿಳಿಪಿಳಿ ನೋಡುತ್ತಿದ್ದ ಕಣ್ಣುಗಳಲ್ಲಿ ಅಲ್ಲಿ ಹಗೆಯ ಕಿಡಿಯನ್ನು ಕಂಡು ನಾವು ಬೆರಗಾದೆವು.

ಅಷ್ಟು ಕೀರ್ತಿ ಬಂದ ಮೇಲೆ ನಾಯಕನಾಗುವ ಹಾದಿಯನ್ನು ಹಿಡಿಯುವನೆಂದು ಲೋಕವು ಎಣಿಸಿದ್ದಿತು. ಆದರೆ ಇಪ್ಪತ್ತು ತುಂಬುವ ಮೊದಲೇ ಆತನು ಬಣ್ಣವನ್ನು ತೊಳೆದುಕೊಂಡು ವಿದ್ಯಾಭ್ಯಾಸಕ್ಕೆ ತೊಡಗಿದನು. ಮುಂದೆ ಬೆಂಗಳೂರು–ಮೈಸೂರು ರಸ್ತೆಯ ಯೋಜನೆಯಲ್ಲಿ ಸಾರ್ವಜನಿಕ ಸಂಪರ್ಕದ ಕಾರ್ಯವನ್ನು ವಹಿಸಿಕೊಂಡು, ಆ ವೃತ್ತಿಯಲ್ಲಿಯೇ ನೆಲೆನಿಂತರು. (ಈಗ ನಡುವಯಸ್ಸಿನ ಗೃಹಸ್ಥರಾದ ಅವರನ್ನು ಏಕವಚನದಲ್ಲಿ ಕರೆಯುವುದು ಉಚಿತವಲ್ಲ, ಆದರೂ ಸ್ವಾಮಿಯೆಂದೊಡನೆ ನಮ್ಮ ನಾಲಗೆಯು ತಪ್ಪುವುದು. ಅವರು ಕ್ಷಮಿಸುವರೆಂದು ನಂಬಿರುವೆವು.) ಚಿಕ್ಕಂದಿನಲ್ಲಿ ದೊರೆತ ಹೆಸರನ್ನು ದೊಡ್ಡವರಾದ ಮೇಲೂ ಹೊತ್ತು ಬಳಲಿದವರು ಕಲಾಪ್ರಪಂಚದಲ್ಲಿ ಅನೇಕರಿರುವರು. ಹೊರೆಯನ್ನು ಇಳಿಸುವ ಹೊತ್ತನ್ನು ತಾವೇ ಗೊತ್ತುಮಾಡಿಕೊಂಡವರು ವಿರಳ. ಮಕ್ಕಳನ್ನು ಬಣ್ಣದ ಲೋಕಕ್ಕೆ ದೂಡಲು ಆತುರಪಡುವ ತಾಯಿತಂದೆಗಳು ಈ ಸಂಗತಿಯನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ಸ್ವಾಮಿಯ ತಂದೆಯಾಗಿ ಕೋಲು ಕನ್ನಡಕಗಳ ಗಾಂಭೀರ್ಯದಿಂದ ನಮ್ಮನ್ನೂ ನಡುಗಿಸಿದವರು ಗಿರೀಶ ಕಾರ್ನಾಡರು. ‘ಯಯಾತಿ’, ‘ತುಘಲಕ್’ ಮುಂತಾದ ನಾಟಕಗಳಿಂದ ಆ ಹೊತ್ತಿಗಾಗಲೇ ಅವರು ಪ್ರಖ್ಯಾತರು. ಆಮೇಲೆ ಬಂದುವು ‘ನಾಗಮಂಡಲ’, ‘ತಲೆದಂಡ’, ‘ಅಗ್ನಿ ಮತ್ತು ಮಳೆ’. ೧೯೯೮ರ ಜ್ಞಾನಪೀಠ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. ದೆಹಲಿಯ ಸಂಗೀತ ನಾಟಕ ಅಕಾಡೆಮಿಗೆ ಅಧ್ಯಕ್ಷರಾಗಿಯೂ, ಲಂಡನ್ನಿನ ನೆಹರೂ ಕೇಂದ್ರಕ್ಕೆ ನಿರ್ದೇಶಕರಾಗಿಯೂ ಕಾರ್ಯ ಮಾಡಿದರು. ೨೦೧೧ರಲ್ಲಿ ‘ಆಡಾಡತ ಆಯುಷ್ಯ’ ಎಂಬ ಆತ್ಮಕಥೆಯನ್ನು ಪ್ರಕಟಿಸಿದರು. ಕೊನೆಯ ವರ್ಷಗಳಲ್ಲಿ ಶ್ವಾಸದ ವ್ಯಾಧಿಯುಂಟಾಗಿ, ಮೂಗಿಗೆ ನಳಿಕೆಯನ್ನು ಧರಿಸಿಕೊಂಡೇ ಸಭೆಗಳಿಗೆ ಬರುತ್ತಿದ್ದರು. ತಮಗೆ ಸರಿಕಂಡುದನ್ನು ಹೇಳುವುದನ್ನು ಮಾತ್ರ ಬಿಡಲಿಲ್ಲ. ೨೦೧೯ರ ಜೂನ್ ೧೦ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಅಪೇಕ್ಷೆಯಂತೆ ಯಾವ ವಿಧಿಯೂ ಸರಕಾರದ ಗೌರವವೂ ಇಲ್ಲದೆ ಅಂತ್ಯಕ್ರಿಯೆಯು ಸರಳವಾಗಿ ನಡೆಯಿತು. ಅವರ ಅಭಿಪ್ರಾಯಗಳೆಲ್ಲವೂ ನಮಗೆ ಒಪ್ಪಿಗೆಯಾಗಿದ್ದುವೆಂದು ಹೇಳಲಾರೆವು. ಆದರೆ ಆ ದಿನ ನಮಗೆ ನೆನಪಾದವನು ಪಂಡಿತನಲ್ಲ, ಮಗನಿಗೆ ಲೆಕ್ಕ ಹೇಳಿಕೊಡಲು ಕುಳಿತ ಆ ತಂದೆ.

ತಾಯಿಯ ಪಾತ್ರವು ವೈಶಾಲಿ ಕಾಸರವಳ್ಳಿಯವರದು. ಮಾತು ಕಡಮೆ, ತಂದೆಗೂ ಮಗನಿಗೂ ನಡುವೆ ನಿಲ್ಲುವ ಆ ಮುಖದಲ್ಲಿಯೇ ಎಲ್ಲವೂ. ರಂಗಭೂಮಿಯಲ್ಲಿ ಬೆಳೆದ ಈ ಸಾಧ್ವಿಯು ಮುಂದೆ ತಾವೇ ನಿರ್ದೇಶನಕ್ಕೆ ಕೈಹಾಕಿ, ‘ಮೂಡಲ ಮನೆ’, ‘ಮುತ್ತಿನ ತೋರಣ’ ಎಂಬ ಕನ್ನಡ ಧಾರಾವಾಹಿಗಳನ್ನು ಮನೆಮನೆಗೂ ತಲುಪಿಸಿದರು. ಪತಿಯಾದ ಗಿರೀಶ ಕಾಸರವಳ್ಳಿಯವರ ‘ತಾಯಿಸಾಹೇಬ’ ಚಿತ್ರಕ್ಕೆ ಉಡುಗೆತೊಡುಗೆಗಳನ್ನು ರೂಪಿಸಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ೨೦೧೦ರ ಸೆಪ್ಟೆಂಬರಿನಲ್ಲಿ ಸ್ವರ್ಗಸ್ಥರಾದರು. ‘ಮೂಡಲ ಮನೆ’ಯನ್ನು ನೋಡುತ್ತಿದ್ದ ನಮ್ಮ ಮನೆಯವರಿಗೆ, ಅದನ್ನು ನಡೆಸುತ್ತಿದ್ದವರು ಸ್ವಾಮಿಯ ಅಮ್ಮನೇ ಎಂದು ನಾವು ಹೇಳಿದಾಗ, “ಅದಕ್ಕೇ ಆ ಮನೆ ಮನೆಯ ಹಾಗಿದೆ” ಎಂದುಬಿಟ್ಟರು. ವಿಮರ್ಶಕರು ನಾಲ್ಕು ಪುಟಗಳಲ್ಲಿ ಇದಕ್ಕಿಂತ ಹೆಚ್ಚೇನನ್ನು ಹೇಳಿಯಾರು?

‘ಮಿಠಾಯಿ ಮಾರುವವ’ನ ಕಥೆಯಲ್ಲಿ ಜಗನ್ ಎಂಬ ವೃದ್ಧನಾಗಿ ಬಂದವರು ಅನಂತನಾಗರು. ನೂಲುವ ರಾಟೆ, ಗೀತೆಯ ಪಾರಾಯಣ, ಸಂಜೆಯ ಹಣದೆಣಿಕೆ, ಅಮೆರಿಕದಿಂದ ಕಥೆ ಬರೆಯುವ ಯಂತ್ರದ ಕನಸು ಹೊತ್ತು ಬಂದ ಮಗ: ಇವುಗಳ ನಡುವೆ ನುಗ್ಗಾಗುವ ಆ ತಂದೆಯ ಪಾತ್ರವನ್ನು ಧರಿಸಿದಾಗ ಅವರಿಗೆ ನಾಲ್ವತ್ತು ಕೂಡ ತುಂಬಿರಲಿಲ್ಲವೆಂಬುದು ನೆನೆಯತಕ್ಕ ಮಾತು. ಅನಂತರ ಅವರು ರಾಜಕಾರಣಕ್ಕೂ ಇಳಿದರು. ೧೯೯೪ರ ಚುನಾವಣೆಯಲ್ಲಿ ಮಲ್ಲೇಶ್ವರದಿಂದ ವಿಧಾನಸಭೆಗೆ ಆಯ್ಕೆಯಾಗಿ, ಜೆ. ಎಚ್. ಪಟೇಲರ ಮಂತ್ರಿಮಂಡಲದಲ್ಲಿ ಸಚಿವರಾಗಿದ್ದರು. ಅಲ್ಲಿಂದ ಮರಳಿ ಕಲೆಗೇ ಬಂದು, ೨೦೧೬ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಮರೆವಿನ ರೋಗಕ್ಕೆ ಸಿಕ್ಕಿ ಕಳೆದುಹೋಗುವ ತಂದೆಯಾಗಿ ನಮ್ಮಂಥವರ ಕಣ್ಣುಗಳನ್ನು ಒದ್ದೆ ಮಾಡಿದರು. ೨೦೨೫ರಲ್ಲಿ ಅವರಿಗೆ ಪದ್ಮಭೂಷಣ ದೊರೆತುದು ಸಂತೋಷದ ಸಂಗತಿ.

ಇನ್ನೊಂದು ಕಂತನ್ನು ಗೃಹಸ್ಥರಾದ ವಾಚಕರು ಎಂದಿಗೂ ಮರೆಯಲಾರರು. ತಿಂಗಳಿಗೆ ನಾಲ್ವತ್ತು ರೂಪಾಯಿನ ಗುಮಾಸ್ತನಾದ ವೆಂಕಟರಾಯನು ಪುಟ್ಟ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟು, ಕಚೇರಿಯ ಕೆಲಸದಿಂದ ಬಿಡುಗಡೆ ದೊರೆಯದೆ, ರೇಗಿ ರಾಜೀನಾಮೆಯನ್ನು ಬರೆದು ಒಯ್ಯುವನು. ಅಲ್ಲಿ ಐದು ರೂಪಾಯಿನ ಬಡ್ತಿಯ ಸುದ್ದಿಯನ್ನು ಕೇಳಿ ಕಾಗದವನ್ನು ಹರಿದು ಹಾಕುವನು. ಮಗಳಾದರೋ ಹೊಸ ಉಡುಪಿನಲ್ಲಿಯೇ ನಿದ್ರೆ ಹೋಗಿರುವಳು. ವೆಂಕಟರಾಯನಾಗಿ ನಟಿಸಿದವರು, ‘ನಾಗರಹಾವು’ ಚಿತ್ರದಿಂದ ನಾಡಿನ ಕಣ್ಮಣಿಯಾಗಿದ್ದ ವಿಷ್ಣುವರ್ಧನರು. ದೊಡ್ಡ ನಾಯಕನೊಬ್ಬನು ಸಣ್ಣ ಗುಮಾಸ್ತನಾಗಲು ಒಪ್ಪಿದುದೇ ಒಂದು ವಿನಯ. ಮುಂದೆ ‘ಮುತ್ತಿನ ಹಾರ’, ‘ಆಪ್ತಮಿತ್ರ’ ಮೊದಲಾದ ಚಿತ್ರಗಳಿಂದ ಅವರ ಯಶಸ್ಸು ಬೆಳೆಯುತ್ತಲೇ ಹೋಯಿತು. ೨೦೦೯ರ ಡಿಸೆಂಬರ್ ೩೦ರಂದು ಮೈಸೂರಿನಲ್ಲಿ ಅವರು ಹಠಾತ್ತಾಗಿ ತೀರಿಕೊಂಡರು. ಅವರ ಸ್ಮಾರಕವು ಮೈಸೂರಿನ ಬಳಿಯಲ್ಲಿ ೨೦೨೩ರಲ್ಲಿ ತೆರೆಯಿತು.

ಈಗ ಹೇಳಲು ಕಷ್ಟವಾದ ಭಾಗಕ್ಕೆ ಬಂದೆವು. ಈ ಎಲ್ಲರನ್ನೂ ಒಂದು ದಾರದಲ್ಲಿ ಪೋಣಿಸಿದ ಶಂಕರನಾಗರು ಆಮೇಲೆ ಬಾಳಿದುದು ನಾಲ್ಕೇ ವರ್ಷ. ಆ ನಾಲ್ಕು ವರ್ಷಗಳಲ್ಲಿ ಮಾಡಿದ ಕೆಲಸವನ್ನು ಇತರರು ನಾಲ್ವತ್ತು ವರ್ಷಗಳಲ್ಲಿ ಮಾಡಿದರೆ ಹೆಚ್ಚು. ರಾಜಕುಮಾರರನ್ನು ನಾಯಕರನ್ನಾಗಿಸಿಕೊಂಡು ‘ಒಂದು ಮುತ್ತಿನ ಕಥೆ’ಯನ್ನು ನಿರ್ದೇಶಿಸಿದರು, ‘ಸಾಂಗ್ಲಿಯಾನ’ನಾಗಿ ತೆರೆಯ ಮೇಲೆ ಮೆರೆದರು, ತಮ್ಮ ‘ಸಂಕೇತ್’ ತಂಡದಿಂದ ಕಾರ್ನಾಡರ ‘ನಾಗಮಂಡಲ’ವನ್ನು ರಂಗಕ್ಕೆ ತಂದರು, ಬೆಂಗಳೂರಿನಲ್ಲಿ ಧ್ವನಿಮುದ್ರಣದ ಸ್ಟುಡಿಯೋವನ್ನು ಕಟ್ಟಿದರು. ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದು, ಆ ಮಾತು ಹುಚ್ಚಿನಂತೆ ಕೇಳುತ್ತಿದ್ದ ಕಾಲದಲ್ಲಿಯೇ ಹೇಳುತ್ತ ತಿರುಗಿದರು. ೧೯೯೦ರ ಸೆಪ್ಟೆಂಬರ್ ೩೦ರಂದು ಚಿತ್ರೀಕರಣಕ್ಕೆಂದು ಪ್ರಯಾಣ ಮಾಡುತ್ತಿರುವಾಗ, ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೆ ಸಿಕ್ಕಿತು. ಮೂವತ್ತಾರು ವರ್ಷಗಳು ಇನ್ನೂ ತುಂಬಿರಲಿಲ್ಲ. ಅವರು ಕನಸಿದ ಮೆಟ್ರೋ ರೈಲು ಬೆಂಗಳೂರಿನಲ್ಲಿ ಓಡತೊಡಗಿದುದು ೨೦೧೧ರಲ್ಲಿ.

ಅದೇ ಕಾರಿನಲ್ಲಿ ಅವರ ಪತ್ನಿ ಅರುಂಧತಿಯವರೂ ಎಳೆಯ ಮಗಳೂ ಇದ್ದರು. ದೈವವು ಅವರನ್ನು ಉಳಿಸಿತು. ಅರುಂಧತಿಯವರು ಸ್ವತಃ ರಂಗನಟಿ. ಆ ಏಟಿನಿಂದ ಎದ್ದು ನಿಂತ ಆಕೆಯು ಗಂಡನ ಹೆಸರಿನಲ್ಲಿ ಕಲ್ಲಿನ ಪ್ರತಿಮೆಯನ್ನು ನಿಲ್ಲಿಸಹೊರಡಲಿಲ್ಲ. ಬೆಂಗಳೂರಿನ ಜೆ. ಪಿ. ನಗರದಲ್ಲಿ ಒಂದು ರಂಗಮಂದಿರವನ್ನು ಕಟ್ಟಲು ಪಣತೊಟ್ಟು, ವರ್ಷಗಟ್ಟಲೆ ಬಾಗಿಲಿನಿಂದ ಬಾಗಿಲಿಗೆ ಅಲೆದು ಧನವನ್ನು ಕೂಡಿಸಿದರು. ೨೦೦೪ರಲ್ಲಿ ‘ರಂಗಶಂಕರ’ವು ತೆರೆಯಿತು. ದಿನಕ್ಕೊಂದು ನಾಟಕವೆಂಬುದು ಅದರ ವ್ರತ. ಗೊತ್ತಾದ ಹೊತ್ತಿಗೆ ನಾಟಕವು ಆರಂಭವಾಗುವುದು. ತಡವಾಗಿ ಬಂದವನು ಯಾರೇ ಆಗಲಿ ಒಳಕ್ಕೆ ಪ್ರವೇಶವಿಲ್ಲ. ನಾವು ಒಮ್ಮೆ ಐದು ನಿಮಿಷ ತಡಮಾಡಿ ಹೋಗಿ ಹೊರಗಿನ ಮೆಟ್ಟಿಲ ಮೇಲೆಯೇ ಕುಳಿತು ಬಂದೆವು. ಬೇಸರವಾಗಲಿಲ್ಲ; ಮೂವತ್ತು ವರ್ಷ ಗಂಟೆಯನ್ನು ನಂಬಿ ಬಾಳಿದ ನಮಗೆ ಆ ಶಿಸ್ತು ಹಿತವಾಗಿಯೇ ತೋರಿತು. ೨೦೧೦ರಲ್ಲಿ ಅರುಂಧತಿಯವರಿಗೆ ಪದ್ಮಶ್ರೀಯೂ, ‘ಪಾ’ ಎಂಬ ಹಿಂದಿ ಚಿತ್ರದ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿಯೂ ಸಂದುವು.

ತೆರೆಯ ಹಿಂದಿದ್ದವರನ್ನು ಮರೆತರೆ ಕೃತಘ್ನತೆಯಾಗುವುದು. ನಮ್ಮನ್ನು ಆ ಸಂಜೆ ಪುಸ್ತಕದಿಂದ ಎಬ್ಬಿಸಿದ ರಾಗವನ್ನು ಹೊಸೆದ ಎಲ್. ವೈದ್ಯನಾಥನ್ನರು ೨೦೦೭ರಲ್ಲಿಯೂ, ಆಗುಂಬೆಯ ಬೆಳಕನ್ನು ಸೆರೆಹಿಡಿದ ಛಾಯಾಗ್ರಾಹಕ ಎಸ್. ರಾಮಚಂದ್ರರು ೨೦೧೧ರಲ್ಲಿಯೂ, ಮೊದಲಿಗೆ ಮೂಡುವ ರೇಖಾಚಿತ್ರಗಳನ್ನು ಬರೆದ ಆರ್. ಕೆ. ಲಕ್ಷ್ಮಣರು ೨೦೧೫ರಲ್ಲಿಯೂ ಗತಿಸಿದರು. ೨೦೦೬ರಲ್ಲಿ ಕವಿತಾ ಲಂಕೇಶರು ಇನ್ನು ಹದಿನೈದು ಕಂತುಗಳನ್ನು ನಿರ್ದೇಶಿಸಿ ಹಳೆಯ ಎಳೆಯನ್ನು ಮುಂದುವರಿಸಿದರು.

ಮೂಲಪುರುಷರಾದ ನಾರಾಯಣರ ಒಂದು ಕಾರ್ಯವನ್ನು ಮಾತ್ರ ಉಪಾಧ್ಯಾಯರಾದ ನಾವು ಬಿಡಿಸಿ ಹೇಳಬೇಕು. ನಾಟಕಮಾಲೆಯು ಹೊರಬಂದ ವರ್ಷವೇ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ೧೯೮೯ರಲ್ಲಿ ಅಲ್ಲಿ ಎದ್ದು ನಿಂತು ಅವರು ಮಾತನಾಡಿದುದು ಶಾಲೆಯ ಮಕ್ಕಳ ಚೀಲದ ಭಾರವನ್ನು ಕುರಿತು. ಬೆನ್ನು ಬಾಗಿದ ಮಕ್ಕಳನ್ನು ಕಂಡು ಮರುಗಿದ ಆ ವೃದ್ಧರ ಮಾತಿನ ತರುವಾಯ, ಕೆಲವು ವರ್ಷಗಳಲ್ಲಿ ಕೇಂದ್ರ ಸರಕಾರವು ವಿಜ್ಞಾನಿಯಾದ ಯಶಪಾಲರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನೇ ನೇಮಿಸಿತು. ೧೯೯೩ರಲ್ಲಿ ಅದರ ವರದಿಯು ಬಂದಿತು. ಸ್ವಾಮಿಯ ಕಥೆಯನ್ನು ೧೯೩೫ರಲ್ಲಿ ಪ್ರಕಟಿಸಿದವರು, ಅರ್ಧ ಶತಮಾನ ಕಳೆದ ಮೇಲೂ ಸ್ವಾಮಿಯ ಪರವಾಗಿಯೇ ವಾದಿಸಿದರು. ೨೦೦೧ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಯಾದವಗಿರಿಯಲ್ಲಿರುವ ಅವರ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಶಿವಮೊಗ್ಗೆಯಿಂದ ತಾಳಗುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿರುವ ಅರಸಾಳಿನ ಹಳೆಯ ನಿಲ್ದಾಣವು ಚಿತ್ರೀಕರಣಕ್ಕೆ ನೆಲೆಯಾಗಿದ್ದಿತು. ಅಲ್ಲಿ ೨೦೨೦ರಲ್ಲಿ ‘ಮಾಲ್ಗುಡಿ’ಯ ಹೆಸರಿನಲ್ಲಿಯೇ ಒಂದು ಸಂಗ್ರಹಾಲಯವು ತೆರೆಯಿತು.

ಇಷ್ಟನ್ನು ಬರೆದು ಲೇಖನಿಯನ್ನು ಇಡಬಹುದಾಗಿದ್ದಿತು. ಆದರೆ ಮೊಮ್ಮಗಳ ಪ್ರಶ್ನೆಯು ನಮ್ಮನ್ನು ಇನ್ನೊಂದು ಕಡೆಗೂ ಎಳೆಯಿತು.

೧೯೯೦ರ ಸುಮಾರಿಗೆ ನಾವು ಮಲೆನಾಡಿನ ಅಂಚಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತೋಪಾಧ್ಯಾಯರಾಗಿ ಸೇರಿದೆವು. ಹೊಸ ರಕ್ತ, ವಿಭಕ್ತಿಯು ತಪ್ಪಿದರೆ ಪ್ರಳಯವಾಗುವುದೆಂಬ ಭಾವನೆ, ಕೈಯಲ್ಲಿ ಬೆತ್ತ. ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗನಿದ್ದನು. ‘ರಾಜನ್’ ಶಬ್ದದ ತೃತೀಯಾ ವಿಭಕ್ತಿಗೆ ಬಂದಾಗಲೆಲ್ಲ ಅವನು ನಿಂತುಬಿಡುತ್ತಿದ್ದನು. ಒಂದು ದಿನ ನಾವು ಸಹನೆಯನ್ನು ಕಳೆದುಕೊಂಡು ಎರಡು ಅಂಗೈಗಳ ಮೇಲೂ ಬಾರಿಸಿದೆವು. ಆ ಸಂಜೆ ಅವನು ಮನೆಗೆ ಹೋಗಲಿಲ್ಲ. ರಾತ್ರಿ ಅವನ ತಂದೆಯು ಲಾಟೀನು ಹಿಡಿದು ನಮ್ಮ ಬಾಗಿಲಿಗೆ ಬಂದು, “ಮೇಷ್ಟ್ರೇ, ನಮ್ಮ ಹುಡುಗ ಇಲ್ಲಿಗೇನಾದರೂ ಬಂದಿದ್ದಾನೆಯೇ?” ಎಂದು ಕೇಳಿದರು. ಅವರಿಗೆ ಬೆತ್ತದ ವಿಷಯ ಗೊತ್ತಿರಲಿಲ್ಲ. ನಾವೂ ಹೇಳಲಿಲ್ಲ.

ಆ ಎರಡು ರಾತ್ರಿ ನಮಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು, ಹೆಡ್‌ಮಾಸ್ಟರರ ಬೆತ್ತಕ್ಕೆ ಹೆದರಿ ಓಡಿ ಕಾಡಿನಲ್ಲಿ ದಾರಿ ತಪ್ಪಿದ ಸ್ವಾಮಿ. ವಠಾರದ ಕಿಟಕಿಯ ಬಳಿ ನಿಂತು ಅವನಿಗಾಗಿ ಮರುಗಿದ ನಾವೇ, ಐದು ವರ್ಷ ಕಳೆಯುವಷ್ಟರಲ್ಲಿ ಅವನು ಯಾರಿಗೆ ಹೆದರಿ ಓಡಿದನೋ ಆ ಮನುಷ್ಯನಾಗಿದ್ದೆವು. ಮೂರನೆಯ ದಿನ ಹುಡುಗನು ಪಕ್ಕದ ಊರಿನ ಬಸ್ಸು ನಿಲ್ದಾಣದ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ ಸಿಕ್ಕಿದನು. ಮತ್ತೆ ಶಾಲೆಗೂ ಬಂದನು. ಅಂದಿನಿಂದ ನಾವು ಬೆತ್ತವನ್ನು ಮುಟ್ಟಿದವರಲ್ಲ. ಆದರೆ ಅವನು ನಮ್ಮ ಪಾಠದಲ್ಲಿ ಎಂದೂ ಬಾಯಿ ತೆರೆಯಲಿಲ್ಲ. ನಾವು ಅವನ ಕ್ಷಮೆಯನ್ನು ಕೇಳಲಿಲ್ಲ. ಉಪಾಧ್ಯಾಯನು ಶಿಷ್ಯನ ಕ್ಷಮೆಯನ್ನು ಕೇಳುವುದೆಂದರೇನು ಎಂಬ ಬಿಂಕ. ವರ್ಷ ಮುಗಿಯಿತು, ಅವನು ಹೊರಟುಹೋದನು.

ತೆರೆಯ ಮೇಲಿನ ಸ್ವಾಮಿಯು ಆಮೇಲೆ ಏನಾದನೆಂದು ಮೊಮ್ಮಗಳಿಗೆ ಹೇಳಿದೆವು. ಅವನು ಓದಿ ದೊಡ್ಡವನಾಗಿ, ಕೆಲಸ ಮಾಡಿಕೊಂಡು ಸುಖವಾಗಿರುವನೆಂದು ಕೇಳಿ ಅವಳಿಗೆ ಸಂತೋಷವಾಯಿತು. ನಮ್ಮ ಎದುರಿನ ಬೆಂಚಿನಲ್ಲಿ ಕುಳಿತಿದ್ದ ಸ್ವಾಮಿಯ ವಿಷಯವನ್ನು ಅವಳು ಕೇಳಲಿಲ್ಲ. ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ನಟರ ವೃತ್ತಾಂತವನ್ನು ಲೋಕವೇ ಬರೆದಿಡುವುದು. ನಮ್ಮ ಕೈಕೆಳಗೆ ಕೂತೆದ್ದ ಮಕ್ಕಳ ವೃತ್ತಾಂತವನ್ನು ನಾವೇ ವಿಚಾರಿಸಿಕೊಳ್ಳಬೇಕಾಗಿದ್ದಿತು.

ಮರುದಿನವೇ ಆ ಶಾಲೆಯ ಕಚೇರಿಗೆ ಒಂದು ಕಾಗದವನ್ನು ಬರೆದು, ಹಳೆಯ ದಾಖಲೆಯ ಪುಸ್ತಕದಲ್ಲಿ ಆ ಹುಡುಗನ ಮನೆಯ ವಿಳಾಸವಿದ್ದರೆ ದಯಮಾಡಿ ತಿಳಿಸಬೇಕೆಂದು ಬೇಡಿಕೊಂಡಿರುವೆವು. ಅವನಿಗೂ ಈಗ ಐವತ್ತು ಸಮೀಪಿಸಿರಬೇಕು. ಉತ್ತರವು ಬರುವವರೆಗೆ, ವಾಚಕರಲ್ಲಿ ನಮ್ಮದೊಂದು ಕೋರಿಕೆ: ಬಿಡುವಾದ ಸಂಜೆ ಮನೆಯ ಮಕ್ಕಳನ್ನು ಕೂಡಿಸಿಕೊಂಡು ಈ ಹಳೆಯ ನಾಟಕಮಾಲೆಯ ಒಂದು ಕಂತನ್ನಾದರೂ ನೋಡಿರಿ. ಅದರಲ್ಲಿ ನಟಿಸಿದವರು ಅನೇಕರು ಈಗ ನಮ್ಮೊಡನಿಲ್ಲ. ಆದರೂ ಆ ರಾಗವು ಮೊದಲಾದೊಡನೆ ಅವರೆಲ್ಲರೂ ಜಗಲಿಗೆ ಬಂದು ಕುಳಿತುಕೊಳ್ಳುವರು.